ಕಣ್ಣಿಗೆ ಹನಿ ಹಾಕಿ ಕಳಿಸುವಾಗ ಒಂದು ಚೀಟಿಯನ್ನೂ ಕೊಡಿ

ಸಂಪಾದಕರಿಗೆ,

ಮಾನ್ಯರೇ,

ಪಾಪೆ ಹಿಗ್ಗಿಸುವ ಹನಿ ಹಾಕಿಸಿಕೊಂಡು, ಕಣ್ಣು ಕಿರಿದು ಮಾಡಿಕೊಂಡು ಬಸ್ ನಿಲ್ದಾಣಕ್ಕೆ ಬಂದವರನ್ನು ‘ಯಾವ ಹನಿ ಹಾಕಿದರು?’ ಎಂದು ಕೇಳಿ ನೋಡಿ. ‘ಅದೇ, ಮಂಜಾಗುವ ಡ್ರಾಪ್ಸ್’ ಎನ್ನುತ್ತಾರೆ. ಎಷ್ಟು ಹೊತ್ತಿಗೆ ಹಾಕಿದ್ದು, ಯಾವಾಗ ಇಳಿಯುತ್ತದೆ, ರಾತ್ರಿ ಕಣ್ಣು ನೋವು ಬಂದರೆ ಏನು ಮಾಡಬೇಕು ಎಂಬುದು ಅವರಿಗೆ ಗೊತ್ತಿರುವುದಿಲ್ಲ. ತಪ್ಪು ಅವರದ್ದಲ್ಲ. ಶಿಬಿರದಲ್ಲಿ ನೂರಾರು ಜನರ ಸಾಲು ಇರುವಾಗ ಹನಿ ಹಾಕುವವರು ‘ಕಣ್ಣು ಮುಚ್ಚಿ ಕೂತ್ಕೊಳ್ಳಿ’ ಎಂದಷ್ಟೇ ಹೇಳಿ ಮುಂದಿನವರತ್ತ ತಿರುಗುತ್ತಾರೆ. ಕೊಡಗಿನ ಪ್ರತಿ ಕಣ್ಣಿನ ಶಿಬಿರದಲ್ಲಿ, ಪ್ರತಿ ಕ್ಲಿನಿಕ್ಕಿನಲ್ಲಿ ಹನಿಯ ಹೆಸರು ಮತ್ತು ಹಾಕಿದ ವೇಳೆ ಬರೆದ ಸಣ್ಣ ಚೀಟಿಯೊಂದನ್ನು ರೋಗಿಯ ಕೈಗೆ ಕೊಡಬೇಕೆಂದು ಕೇಳಲು ಈ ಪತ್ರ.

ಹೆಸರು ಏಕೆ ಮುಖ್ಯ? ನೋಡಲು ಒಂದೇ ತರಹದ ಈ 5 ಮಿ.ಲೀ. ಬಾಟಲಿಗಳ ಒಳಗಿನ ಮದ್ದುಗಳ ಆಯುಸ್ಸು ಒಂದಕ್ಕೊಂದು ಹೋಲುವುದೇ ಇಲ್ಲ. ಸಾಮಾನ್ಯ ತಪಾಸಣೆಗೆ ಹಾಕುವುದು ಟ್ರೋಪಿಕಮೈಡ್. 15-20 ನಿಮಿಷಕ್ಕೆ ಹಿಡಿಯುತ್ತದೆ, ನಾಲ್ಕರಿಂದ ಆರು ಗಂಟೆಯಲ್ಲಿ ಬಹುಮಟ್ಟಿಗೆ ಇಳಿಯುತ್ತದೆ. ಕೆಲವರಿಗೆ ಮರುದಿನದವರೆಗೂ ಉಳಿಯುವುದುಂಟು. ನಮ್ಮ ದೇಶದಲ್ಲಿ ಹೆಚ್ಚಾಗಿ ಬಳಸುವ ಬಾಟಲಿಯಲ್ಲಿ ಇದರ ಜೊತೆ ಫಿನೈಲೆಫ್ರಿನ್ ಕೂಡ ಬೆರೆತಿರುತ್ತದೆ: ಶೇ 0.8 ಟ್ರೋಪಿಕಮೈಡ್, ಶೇ 5 ಫಿನೈಲೆಫ್ರಿನ್. ಮಕ್ಕಳ ಕನ್ನಡಕದ ನಂಬರ್ ನೋಡಲು ಹಾಕುವ ಸೈಕ್ಲೋಪೆಂಟೊಲೇಟ್ ಸುಮಾರು ಒಂದು ದಿನ ಇರುತ್ತದೆ. ಕಣ್ಣಿನ ಒಳಗಿನ ಉರಿಯೂತಕ್ಕೆ ಕೊಡುವ ಹೋಮಾಟ್ರೋಪಿನ್ ಒಂದರಿಂದ ಮೂರು ದಿನ. ಅಟ್ರೋಪಿನ್ ಶೇ 1 ಆದರೆ ಒಂದು ವಾರದಿಂದ ಎರಡು ವಾರ. ಒಂದು ಬಾಟಲಿ ಸಂಜೆಗೆ ಬಿಡುಗಡೆ ಕೊಡುತ್ತದೆ, ಇನ್ನೊಂದು ಹದಿನೈದು ದಿನ ಹತ್ತಿರದ ಅಕ್ಷರ ಓದಲು ಬಿಡುವುದಿಲ್ಲ. ‘ಡ್ರಾಪ್ಸ್ ಹಾಕಿದ್ರು’ ಎಂಬ ಮಾತಿನಿಂದ ಮುಂದಿನ ವೈದ್ಯರಿಗಾಗಲಿ ಮನೆಯವರಿಗಾಗಲಿ ಏನೂ ತಿಳಿಯದು.

ಹನಿಯನ್ನೇ ಬೇಡ ಎನ್ನುವವರೂ ಇದ್ದಾರೆ, ಅದು ಸರಿಯಲ್ಲ. ಪಾಪೆ ಬೆಳಕಿನಲ್ಲಿ ಎರಡು-ಮೂರು ಮಿಲಿಮೀಟರ್‌ಗೆ ಕುಗ್ಗಿರುತ್ತದೆ. ಅಷ್ಟು ಸಣ್ಣ ಕಿಂಡಿಯಿಂದ ಕಣ್ಣಿನ ಹಿಂಭಾಗದ ಪರದೆಯಾದ ಅಕ್ಷಿಪಟಲದ ಅಂಚು ಕಾಣುವುದಿಲ್ಲ. ಸಕ್ಕರೆ ಕಾಯಿಲೆಯವರು ದೃಷ್ಟಿ ಚೆನ್ನಾಗಿದ್ದರೂ ವರ್ಷಕ್ಕೊಮ್ಮೆ ಅಕ್ಷಿಪಟಲ ತೋರಿಸಲೇಬೇಕು. ಹನಿ ಹಾಕದೆಯೇ ಫೋಟೋ ತೆಗೆಯುವ ಕ್ಯಾಮೆರಾಗಳು ಈಗ ಬಂದಿವೆ, ಆದರೆ ಪೊರೆ ಬಂದ ಕಣ್ಣಿನಲ್ಲಿ ಅವುಗಳ ಚಿತ್ರ ಎಷ್ಟೋ ಸಲ ಮಸುಕಾಗಿಯೇ ಬರುತ್ತದೆ.

ಹನಿ ಬೀಳುವ ಮೊದಲು ಕೇಳಬೇಕಾದ ಪ್ರಶ್ನೆಗಳು ಕೆಲವೇ. ಹಿಂದೆ ಗ್ಲಾಕೋಮಾ (ಸಾಮಾನ್ಯವಾಗಿ ಕಣ್ಣಿನ ಒತ್ತಡ ಏರಿ ನರ ಕೆಡುವ ಕಾಯಿಲೆ) ಎಂದು ಹೇಳಿದ್ದರೇ? ಮನೆಯಲ್ಲಿ ಯಾರಿಗಾದರೂ ಇದೆಯೇ? ದೂರಕ್ಕೂ ದಪ್ಪ ಪ್ಲಸ್ ಕನ್ನಡಕವೇ? ಕತ್ತಲಲ್ಲಿ ಕಣ್ಣು ನೋವು, ದೀಪದ ಸುತ್ತ ಬಣ್ಣದ ಬಳೆ ಕಂಡದ್ದುಂಟೇ? ರಕ್ತದೊತ್ತಡ, ಹೃದಯದ ತೊಂದರೆ, ಮಾನಸಿಕ ಖಿನ್ನತೆಯ ಮಾತ್ರೆ? ಈ ಕೊನೆಯದು ಏಕೆಂದರೆ ಫಿನೈಲೆಫ್ರಿನ್ ರಕ್ತನಾಳಗಳನ್ನು ಬಿಗಿಗೊಳಿಸುವ ಮದ್ದು. ಖಿನ್ನತೆಯ ಕೆಲವು ಹಳೆಯ ಬಗೆಯ ಮಾತ್ರೆಗಳ ಜೊತೆ ಸೇರಿದರೆ ರಕ್ತದೊತ್ತಡ ಸರ್ರನೆ ಏರಬಹುದು. ಶೇ 10ರ ಹನಿಯನ್ನು ಹೃದಯ ರೋಗಿಗಳಿಗೂ ಎಳೆ ಮಕ್ಕಳಿಗೂ ಹಾಕಬಾರದು. ಇಂಥವರಿಗೆ ಟ್ರೋಪಿಕಮೈಡ್ ಒಂದೇ ಇರುವ ಬಾಟಲಿ ಸಾಕು, ಶಿಬಿರದ ಪೆಟ್ಟಿಗೆಯಲ್ಲಿ ಅಂಥದ್ದೊಂದು ಇರಲೇಬೇಕು.

ಕಣ್ಣನ್ನು ಹಿಗ್ಗಿಸಿ ನೋಡುವ ಸ್ಲಿಟ್ ಲ್ಯಾಂಪ್ ಯಂತ್ರ ಇಲ್ಲದ ಜಾಗದಲ್ಲಿ ಸಾದಾ ಟಾರ್ಚ್ ಸ್ವಲ್ಪ ದಾರಿ ತೋರಿಸುತ್ತದೆ. ಕಿವಿಯ ಕಡೆಯಿಂದ, ಕಣ್ಣಿನ ಮಟ್ಟಕ್ಕೆ ಸಮನಾಗಿ, ಬೆಳಕನ್ನು ಮೂಗಿನ ಕಡೆಗೆ ಹಾಯಿಸಿ. ಪಾಪೆಯ ಸುತ್ತಲಿನ ಕಂದು ಭಾಗ ಪೂರ್ತಿ ಬೆಳಗಿದರೆ ಕಣ್ಣಿನ ಮುಂಭಾಗದಲ್ಲಿ ಸಾಕಷ್ಟು ಆಳ ಇದೆ ಎನ್ನಬಹುದು. ಮೂಗಿನ ಕಡೆಯ ಅರ್ಧ ನೆರಳಲ್ಲಿ ಉಳಿದರೆ ಆಳ ಕಡಿಮೆ. ಅಂಥ ಕಣ್ಣಿಗೆ ಶಿಬಿರದಲ್ಲಿ ಹನಿ ಹಾಕದೆ ಆಸ್ಪತ್ರೆಗೆ ಕಳಿಸಬೇಕು. ಗ್ಲಾಕೋಮಾ ಇರುವವರಿಗೆಲ್ಲ ಹನಿ ನಿಷಿದ್ಧ ಎಂಬ ನಂಬಿಕೆಯೂ ನಿಜವಲ್ಲ. ಕೋನ (ಕಣ್ಣಿನೊಳಗಿನ ದ್ರವ ಹೊರಹೋಗುವ ಮೂಲೆ) ತೆರೆದಿರುವ ಬಗೆಯವರಿಗೆ, ಲೇಸರ್‌ನಿಂದ ಸಣ್ಣ ರಂಧ್ರ ಮಾಡಿಸಿಕೊಂಡವರಿಗೆ, ಪೊರೆ ತೆಗೆಸಿ ಲೆನ್ಸ್ ಹಾಕಿಸಿಕೊಂಡವರಿಗೆ ವೈದ್ಯರು ಸಾಮಾನ್ಯವಾಗಿ ಧೈರ್ಯದಿಂದಲೇ ಹಾಕುತ್ತಾರೆ. ಭಯ ಇರುವುದು ಕೋನ ಕಿರಿದಾಗಿದ್ದೂ ಅದು ಯಾರಿಗೂ ಗೊತ್ತಿರದ ಕಣ್ಣಿನದ್ದು.

ಇನ್ನು ಹಾಕುವ ರೀತಿ. ಒಂದು ಹನಿ ಸುಮಾರು 30ರಿಂದ 50 ಮೈಕ್ರೋಲೀಟರ್. ರೆಪ್ಪೆಯ ಒಳಗೆ ಹೆಚ್ಚೆಂದರೆ 30 ನಿಲ್ಲುತ್ತದೆ. ಎರಡನೆಯ ಹನಿಯನ್ನು ಬೆನ್ನಿಗೇ ಬಿಟ್ಟರೆ ಅದು ಕೆನ್ನೆಗೆ ಇಳಿಯುತ್ತದೆ, ಇಲ್ಲವೇ ಕಣ್ಣೀರಿನ ನಾಳದ ಮೂಲಕ ಮೂಗಿಗೆ ಹೋಗಿ ಅಲ್ಲಿಂದ ನೇರ ರಕ್ತ ಸೇರುತ್ತದೆ. ನುಂಗಿದ ಮಾತ್ರೆ ಮೊದಲು ಯಕೃತ್ತನ್ನು ದಾಟಬೇಕು. ಮೂಗಿನಿಂದ ಹೀರಿದ ಮದ್ದಿಗೆ ಆ ತಡೆ ಇಲ್ಲ. ಬಾಯಿ ಒಣಗುವುದು, ಗಂಟಲಲ್ಲಿ ಕಹಿ, ಎದೆ ಬಡಿತ ಎಲ್ಲಕ್ಕೂ ಇದೇ ದಾರಿ. ಹಾಗಾಗಿ ಕೆಳರೆಪ್ಪೆ ಎಳೆದು ಒಂದೇ ಹನಿ ಬಿಡಿ, ಬಾಟಲಿಯ ತುದಿ ರೆಪ್ಪೆಗೆ ತಾಗಬಾರದು. ಕಣ್ಣು ಹಗುರವಾಗಿ ಮುಚ್ಚಿಸಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಎರಡು-ಮೂರು ನಿಮಿಷ ಒತ್ತಿ ಹಿಡಿಯಲಿ. ಹೊರಗೆ ಹರಿದದ್ದನ್ನು ಹತ್ತಿಯಲ್ಲಿ ಒರೆಸಿ; ಎಳೆ ಮಗುವಿನ ಚರ್ಮವೂ ಮದ್ದು ಹೀರುತ್ತದೆ. ಬೇರೆ ಹನಿ ಇದ್ದರೆ ಐದು ನಿಮಿಷ ಬಿಟ್ಟು ಹಾಕಿ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ಮೊದಲೇ ತೆಗೆಯಬೇಕು.

ಪಾಪೆ ಬೇಗ ಹಿಗ್ಗಲಿಲ್ಲ ಎಂದು ಐದೈದು ನಿಮಿಷಕ್ಕೊಮ್ಮೆ ಹನಿ ಸುರಿಯುವುದು ಶಿಬಿರಗಳ ಸಾಮಾನ್ಯ ಕಾಯಿಲೆ. ನಮ್ಮವರ ಕಂದು ಕಣ್ಣಿನ ವರ್ಣದ್ರವ್ಯ ಮದ್ದನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕೇ ಹಿಗ್ಗುವುದೂ ನಿಧಾನ, ಇಳಿಯುವುದೂ ನಿಧಾನ. ಬಹಳ ವರ್ಷದ ಸಕ್ಕರೆ ಕಾಯಿಲೆಯವರ ಪಾಪೆ ಎಷ್ಟು ಹಾಕಿದರೂ ಪೂರ್ತಿ ಅರಳದೆ ಇರಬಹುದು. ಮೊದಲ ಹನಿಯ ನಂತರ 10-15 ನಿಮಿಷ ಕಾದು ಇನ್ನೊಂದು. ಅಷ್ಟಕ್ಕೂ ಹಿಗ್ಗದಿದ್ದರೆ ಕಾಯುವುದೇ ಮದ್ದು.

ರಸ್ತೆಯ ವಿಚಾರಕ್ಕೆ ಬರೋಣ, ನಮ್ಮ ಜಿಲ್ಲೆಗೆ ಇದು ಬೇರೆ ಕಡೆಗಿಂತ ಹೆಚ್ಚು ಅನ್ವಯಿಸುತ್ತದೆ. ಹನಿ ಹಾಕಿಸಿಕೊಂಡವರು ಸಂಪಾಜೆ ಘಾಟಿಯನ್ನೋ ಮಾಕುಟ್ಟದ ತಿರುವುಗಳನ್ನೋ ತಾವೇ ವಾಹನ ಓಡಿಸಿ ಇಳಿಯುವಂತಿಲ್ಲ. ಹಿಗ್ಗಿದ ಪಾಪೆ ಎದುರಿನ ಹೆಡ್‌ಲೈಟಿಗೆ ಕುಗ್ಗಲಾರದು. ಬೆಳಕು ಇಡೀ ಕಣ್ಣಿಗೆ ಚೆಲ್ಲಿ ರಸ್ತೆಯ ಅಂಚು ಮಾಯವಾಗುತ್ತದೆ. ಮಂಜು ಕವಿದ ದಿನ ಕೇಳುವುದೇ ಬೇಡ. ಬೋರ್ಡಿನ ದೊಡ್ಡ ಅಕ್ಷರ ಓದಲು ಆಗುತ್ತದೆ ಎಂಬುದು ಧೈರ್ಯ ಮಾಡಲು ಕಾರಣವಾಗದು. ಕೆಡುವುದು ದೂರದ ಅಕ್ಷರಕ್ಕಿಂತ ಮೊದಲು ಪ್ರಖರ ಬೆಳಕನ್ನು ತಾಳುವ ಶಕ್ತಿ ಮತ್ತು ಹತ್ತಿರದ ನೋಟ. ಆ ದಿನ ಪೂರ್ತಿ ಸ್ಟೀರಿಂಗ್, ಬೈಕ್ ಎರಡೂ ಬೇಡ. ಅಟ್ರೋಪಿನ್ ಆದರೆ ವೈದ್ಯರು ಹೇಳುವವರೆಗೂ ಬೇಡ. ಮೈಸೂರಿಗೆ ತೋರಿಸಲು ಹೋಗುವವರು ಜೊತೆಗೆ ಒಬ್ಬರನ್ನು ಕರೆದೊಯ್ಯಲಿ, ಮಡಿಕೇರಿಯಿಂದ ಹೆಚ್ಚುಕಡಿಮೆ 120 ಕಿ.ಮೀ. ಹಿಂತಿರುಗಬೇಕು.

ತೋಟದ ಕೆಲಸಕ್ಕೂ ಇದೇ ಮಾತು. ಏಣಿ ಹತ್ತಿ ಕರಿಮೆಣಸು ಕೊಯ್ಯುವುದು, ಮರಗಸಿ, ಪಲ್ಪರ್‌ಗೆ ಹಣ್ಣು ಸುರಿಯುವುದು, ಕಳೆ ಕೊಚ್ಚುವ ಯಂತ್ರ, ಕತ್ತಿ ಮಸೆಯುವುದು ಇವೆಲ್ಲ ಮರುದಿನಕ್ಕೆ ಇರಲಿ. ಹತ್ತಿರದ ನೋಟ ಮಂಜಾದಾಗ ಬೆರಳಿನ ದೂರದ ಅಂದಾಜೇ ತಪ್ಪುತ್ತದೆ. ಕಾಫಿ ಒಣಗಿಸುವ ಸಿಮೆಂಟ್ ಕಣದ ಮೇಲೆ ಮಧ್ಯಾಹ್ನದ ಬಿಸಿಲು ಕಣ್ಣು ಕುಕ್ಕುತ್ತದೆ. ಕಪ್ಪು ಕನ್ನಡಕದ ಜೊತೆ ಅಗಲ ಅಂಚಿನ ಟೋಪಿಯೋ ಕೊಡೆಯೋ ಇದ್ದರೆ ತಡೆದುಕೊಳ್ಳಬಹುದು. ಇನ್ಸುಲಿನ್ ತೆಗೆದುಕೊಳ್ಳುವವರು ಸಿರಿಂಜಿನ ಗೆರೆ ಎಣಿಸುವ ಕೆಲಸವನ್ನು ಆ ದಿನ ಮನೆಯ ಬೇರೆಯವರಿಗೆ ಬಿಡಬೇಕು. ಇದನ್ನು ಯಾರೂ ಹೇಳುವುದಿಲ್ಲ. ಸಕ್ಕರೆ ಕಾಯಿಲೆಯವರಿಗೇ ಹೆಚ್ಚು ಹನಿ ಹಾಕುವುದು ಎಂಬುದು ಗೊತ್ತಿದ್ದೂ! ಸಿದ್ದಾಪುರದ ಕಡೆ ಸಂಜೆಗತ್ತಲಲ್ಲಿ ತೋಟದ ದಾರಿ ಹಿಡಿದು ಒಬ್ಬರೇ ನಡೆದು ಹೋಗುವವರಿಗೆ ಆನೆಯ ವಿಷಯ ನಾನು ಹೇಳಬೇಕಾಗಿಲ್ಲ.

ನಿಜವಾದ ಅಪಾಯ ಅಪರೂಪ, ಆದರೆ ಬಂದರೆ ರಾತ್ರಿಯೇ ಬರುವುದು ಹೆಚ್ಚು. ಪಾಪೆ ಪೂರ್ತಿ ಹಿಗ್ಗಿದಾಗಲ್ಲ, ಮದ್ದಿನ ಬಲ ಇಳಿದು ಪಾಪೆ ಅರ್ಧಕ್ಕೆ ಬಂದಾಗ ಕೋನ ಮುಚ್ಚಿಕೊಳ್ಳುವ ಸಂಭವ ಜಾಸ್ತಿ. ಅಂದರೆ ಶಿಬಿರ ಮುಗಿದು, ಟೆಂಟು ಬಿಚ್ಚಿ, ವೈದ್ಯರು ಊರು ಸೇರಿದ ಮೇಲೆ. ಒಳಗಿನ ದ್ರವ ಹೊರಹೋಗಲು ದಾರಿ ಸಿಗದೆ ಕಣ್ಣಿನ ಒತ್ತಡ ಏರುತ್ತದೆ. ಕಣ್ಣು ಕೆಂಪಾಗಿ, ಅದೇ ಕಡೆಯ ಅರ್ಧ ತಲೆ ಸಿಡಿಯುತ್ತದೆ, ವಾಂತಿ ಬರುತ್ತದೆ, ದೀಪದ ಸುತ್ತ ಬಣ್ಣದ ವೃತ್ತ ಕಾಣುತ್ತದೆ, ದೃಷ್ಟಿ ಹೊಗೆ ಕವಿದಂತಾಗುತ್ತದೆ. ಮನೆಯವರು ವಾಂತಿ ನೋಡಿ ಗ್ಯಾಸ್ಟ್ರಿಕ್ ಎನ್ನುತ್ತಾರೆ, ತಲೆನೋವು ನೋಡಿ ಬಿಪಿ ಎನ್ನುತ್ತಾರೆ. ಒಂದು ಮಾತ್ರೆ ನುಂಗಿಸಿ ಕತ್ತಲೆ ಕೋಣೆಯಲ್ಲಿ ಮಲಗಿಸುತ್ತಾರೆ. ಕತ್ತಲು ಇದಕ್ಕೆ ಒಳ್ಳೆಯದಲ್ಲ, ಅಲ್ಲಿ ಪಾಪೆ ಕುಗ್ಗಲು ಯಾವ ಪ್ರೇರಣೆಯೂ ಇರುವುದಿಲ್ಲ. ಬೆಳಗಿನವರೆಗೆ ಕಾದರೆ ಕಣ್ಣಿನ ನರಕ್ಕೆ ಆದ ಹಾನಿ ಮರಳಿ ಸರಿಯಾಗದು. ಆ ರಾತ್ರಿಯೇ ಹೊರಡಬೇಕು, ವಾಹನ ಇಲ್ಲದಿದ್ದರೆ 108ಕ್ಕೆ ಕರೆ ಮಾಡಬೇಕು. ಆಸ್ಪತ್ರೆ ಮುಟ್ಟಿದ ಕೂಡಲೇ ಡ್ಯೂಟಿ ಡಾಕ್ಟರಿಗೆ ಹೇಳಬೇಕಾದ ಮೊದಲ ಮಾತು, ‘ಇವತ್ತು ಕಣ್ಣಿಗೆ ಪಾಪೆ ಹಿಗ್ಗಿಸುವ ಹನಿ ಹಾಕಿದ್ದಾರೆ’. ಚೀಟಿ ಇದ್ದರೆ ಅದನ್ನೇ ತೋರಿಸಿದರಾಯಿತು. ಒತ್ತಡ ಇಳಿಸುವ ಮಾತ್ರೆ, ಹನಿ, ಆಮೇಲೆ ಲೇಸರ್ ಹೀಗೆ ಚಿಕಿತ್ಸೆ ಇದೆ. ಇಲ್ಲದಿರುವುದು ಕಾಯಲು ಸಮಯ.

ಮಕ್ಕಳ ಅಟ್ರೋಪಿನ್ ಬಗ್ಗೆ ಸ್ವಲ್ಪ ಲೆಕ್ಕ ಹಾಕಿ ನೋಡಿ. ಶೇ 1 ಎಂದರೆ ಒಂದು ಮಿ.ಲೀ.ಗೆ 10 ಮಿ.ಗ್ರಾಂ. ಒಂದು ಹನಿಯಲ್ಲಿ ಸುಮಾರು ಅರ್ಧ ಮಿ.ಗ್ರಾಂ, ದೊಡ್ಡವರಿಗೆ ಚುಚ್ಚುವ ಅಟ್ರೋಪಿನ್ ಆಂಪೂಲ್‌ನಲ್ಲಿ ಇರುವುದೇ 0.6 ಮಿ.ಗ್ರಾಂ. ಎರಡೂ ಕಣ್ಣಿಗೆ ಹನಿ ಬಿಟ್ಟು, ಮೂಲೆ ಒತ್ತದೆ ಬಿಟ್ಟರೆ, ಹತ್ತು ಕಿಲೋ ತೂಗದ ಮಗುವಿಗೆ ಅದು ಸಣ್ಣ ಪ್ರಮಾಣವಲ್ಲ. ಪೂರ್ತಿ ಬಾಟಲಿಯಲ್ಲಿ 50 ಮಿ.ಗ್ರಾಂ ಇದೆ, ಮಗು ಅದನ್ನು ಬಾಯಿಗೆ ಹಾಕಿಕೊಂಡರೆ ಜೀವಕ್ಕೇ ಅಪಾಯ. ಚಿಕ್ಕ ಮಕ್ಕಳಿಗೆ ಹನಿಯ ಬದಲು ಮುಲಾಮು ಕೊಡುವುದು ಈ ಕಾರಣಕ್ಕೆ: ಅದು ಮೂಗಿಗೆ ಬೇಗ ಹರಿಯುವುದಿಲ್ಲ. ಸಾಮಾನ್ಯವಾಗಿ ಕನ್ನಡಕದ ನಂಬರ್ ಪರೀಕ್ಷೆಗೆ ಮೊದಲು ಮೂರು ದಿನ, ಚೀಟಿಯಲ್ಲಿ ಬರೆದಷ್ಟು ಸಲ, ಅಕ್ಕಿಕಾಳಿನಷ್ಟು ಮಾತ್ರ ಕೆಳರೆಪ್ಪೆಯ ಒಳಗೆ ಹಚ್ಚಬೇಕು. ಪರೀಕ್ಷೆಯ ದಿನ ಬೆಳಿಗ್ಗೆ ಹಚ್ಚಬಾರದು, ಜಿಡ್ಡಿನ ಪದರ ಉಳಿದರೆ ನಂಬರ್ ಸರಿಯಾಗಿ ಸಿಗದು. ಹಚ್ಚಿದವರು ಸಾಬೂನಿನಲ್ಲಿ ಕೈ ತೊಳೆಯದೆ ತಮ್ಮ ಕಣ್ಣು ಉಜ್ಜಿಕೊಂಡರೆ ಅವರ ಪಾಪೆಯೂ ವಾರಗಟ್ಟಲೆ ಹಿಗ್ಗಿ ಕೂರುತ್ತದೆ.

ಮಗುವಿನ ಮುಖ ಕೆಂಪೇರಿ, ಮೈ ಒಣಗಿ ಬಿಸಿಯಾಗಿ, ಎದೆ ಜೋರಾಗಿ ಬಡಿದು, ಮೂತ್ರ ನಿಂತು, ಅಸಂಬದ್ಧ ಮಾತು ಶುರುವಾದರೆ ಅದು ಜ್ವರವಲ್ಲ, ಅಟ್ರೋಪಿನ್ ಮೈಗೇರಿದ್ದು. ಬೆವರು ನಿಂತಿದ್ದರಿಂದ ಮೈ ಬಿಸಿಯಾಗಿರುತ್ತದೆ. ಪ್ಯಾರಾಸಿಟಮಾಲ್ ಕುಡಿಸಿ ಮುಲಾಮು ಮುಂದುವರಿಸುವುದು ಆಗಬಾರದ ಕೆಲಸ. ಮುಲಾಮು ನಿಲ್ಲಿಸಿ, ಟ್ಯೂಬ್ ಸಮೇತ ಆಸ್ಪತ್ರೆಗೆ ಹೋಗಬೇಕು. ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೆ ಈ ಮದ್ದು ಹೆಚ್ಚೇ ತಾಗುತ್ತದೆ, ಮೊದಲೇ ಹೇಳಿ. ಸೈಕ್ಲೋಪೆಂಟೊಲೇಟ್‌ನಿಂದ ಕೆಲವು ಮಕ್ಕಳು ಒಂದೆರಡು ಗಂಟೆ ತೂಕಡಿಸುವುದು ಅಥವಾ ಏನೇನೋ ಮಾತಾಡುವುದು ಉಂಟು, ಅಂಥ ಮಗುವನ್ನು ಸರಿಯಾಗುವವರೆಗೆ ಕ್ಲಿನಿಕ್ಕಿನಲ್ಲೇ ಇರಿಸಿಕೊಂಡು ನೋಡಬೇಕು.

ಇತ್ತೀಚೆಗೆ ಸಮೀಪದೃಷ್ಟಿ (ದೂರದ್ದು ಮಸುಕಾಗಿ ಕಾಣುವ ದೋಷ) ಬೆಳೆಯದಂತೆ ಮಕ್ಕಳಿಗೆ ರಾತ್ರಿ ಮಲಗುವಾಗ ಶೇ 0.01ರ ಅಟ್ರೋಪಿನ್ ಬರೆದುಕೊಡುವುದು ಹೆಚ್ಚಿದೆ. ಶೇ 1ಕ್ಕೂ ಇದಕ್ಕೂ ನೂರು ಪಟ್ಟು ಅಂತರ. ಬಾಟಲಿಯ ಮೇಲೆ ಎರಡಕ್ಕೂ ‘ಅಟ್ರೋಪಿನ್’ ಎಂದೇ ಇರುತ್ತದೆ. ಮೆಡಿಕಲ್ ಸ್ಟೋರಿನವರಲ್ಲಿ ಒಂದು ವಿನಂತಿ: ಈ ಹೆಸರು ಬಂದಾಗ ಬಿಂದುವಿನ ನಂತರದ ಸೊನ್ನೆಗಳನ್ನು ಗಟ್ಟಿಯಾಗಿ ಓದಿ ಹೇಳಿ ಕೊಡಿ. ತಿಂಗಳುಗಟ್ಟಲೆ ತೊಂದರೆಯಿಲ್ಲದೆ ಹನಿ ಹಾಕಿಸಿಕೊಳ್ಳುತ್ತಿದ್ದ ಮಗು ಹೊಸ ಬಾಟಲಿ ತಂದ ಮರುದಿನ ಪುಸ್ತಕ ಓದಲಾಗುತ್ತಿಲ್ಲ, ಬಿಸಿಲು ನೋಡಲಾಗುತ್ತಿಲ್ಲ ಎಂದರೆ ಮೊದಲು ನೋಡಬೇಕಾದದ್ದು ಲೇಬಲ್. ಶೇ 1ರ ಪರೀಕ್ಷೆಯನ್ನು ಶಾಲೆಯ ರಜೆಗೆ ಇಟ್ಟುಕೊಂಡರೆ ಮಗು ಹತ್ತಿರದ ಓದು ಕಾಣದೆ ಏಟು ತಿನ್ನುವುದು ತಪ್ಪುತ್ತದೆ.

ಅವಧಿಗೆ ಮೊದಲೇ ಹುಟ್ಟಿದ ಶಿಶುಗಳದ್ದು ಬೇರೆಯೇ ವಿಷಯ. 34 ವಾರಕ್ಕೆ ಮುಂಚೆ ಅಥವಾ 2 ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಮಗುವಿನ ಅಕ್ಷಿಪಟಲವನ್ನು 30 ದಿನದೊಳಗೆ ನೋಡಿಸಲೇಬೇಕು. ದೊಡ್ಡವರ ಹನಿಯನ್ನು ಅರ್ಧಕ್ಕರ್ಧ ತೆಳು ಮಾಡಿ ಹಾಕುತ್ತಾರೆ, ಹಾಲನ್ನು ಸುಮಾರು ಒಂದು ಗಂಟೆ ಮೊದಲೇ ನಿಲ್ಲಿಸಲು ಹೇಳುತ್ತಾರೆ. ಹನಿಯ ಭಯಕ್ಕೆ ಈ ಪರೀಕ್ಷೆ ತಪ್ಪಿಸಿದರೆ ಕಳೆದುಕೊಳ್ಳುವುದು ಮಗುವಿನ ದೃಷ್ಟಿಯನ್ನೇ.

ಉಳಿದ ಬಾಟಲಿ ಎಲ್ಲಿ ಹೋಗುತ್ತದೆ? ಹೆಚ್ಚಿನ ಮನೆಗಳಲ್ಲಿ ಫ್ರಿಜ್ಜಿನ ಬಾಗಿಲಿಗೆ. ಆರು ತಿಂಗಳ ಮೇಲೆ ಮನೆಯ ಇನ್ನೊಬ್ಬರ ಕಣ್ಣು ಕೆಂಪಾದಾಗ ಅದು ಹೊರಬರುತ್ತದೆ. ಕಾಫಿ ರೆಂಬೆ ಕಣ್ಣಿಗೆ ಹೊಡೆದು ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಗೀರಿದವರಿಗೆ ಇದು ತೀರಾ ಕೆಟ್ಟದ್ದು. ಎಲೆ, ಮುಳ್ಳು, ಮಣ್ಣು ತಾಗಿದ ಗೀರಿಗೆ ಫಂಗಸ್ ಹಿಡಿಯಬಹುದು. ಪಾಪೆ ಹಿಗ್ಗಿಸುವ ಹನಿ ನೋವನ್ನು ಸ್ವಲ್ಪ ತಗ್ಗಿಸುತ್ತದೆಯೇ ಹೊರತು ಫಂಗಸ್ ಅನ್ನು ಮುಟ್ಟುವುದಿಲ್ಲ. ನೋವು ತಗ್ಗಿತೆಂದು ಎರಡು ದಿನ ಸುಮ್ಮನಿದ್ದರೆ ಹುಣ್ಣು ಆಳಕ್ಕೆ ಇಳಿದಿರುತ್ತದೆ. ಅದರ ಪಕ್ಕದಲ್ಲೇ ಸ್ಟೀರಾಯ್ಡ್ ಹನಿಯೂ ಇದ್ದು ಅದನ್ನೂ ಬಿಟ್ಟರಂತೂ ಫಂಗಸ್‌ಗೆ ಗೊಬ್ಬರ ಹಾಕಿದ ಹಾಗೆ. ಕಣ್ಣಿನ ಬಾಟಲಿ ತೆರೆದ ದಿನಾಂಕವನ್ನು ಪೆನ್ನಿನಲ್ಲಿ ಅದರ ಮೇಲೇ ಬರೆಯಿರಿ, ಒಂದು ತಿಂಗಳಿಗೆ ಬಿಸಾಡಿ. ಇರುವಷ್ಟು ದಿನ ಮಕ್ಕಳ ಕೈಗೆ ಸಿಗದ ಕಡೆ ಇರಲಿ.

ಕೊನೆಯದಾಗಿ, ಒಂದೇ ಕಣ್ಣಿನ ಪಾಪೆ ದೊಡ್ಡದಾಗಿರುವುದು. ತಲೆಗೆ ಏಟು ಬಿದ್ದವರಲ್ಲಿ ಇದು ಮೆದುಳಿನೊಳಗಿನ ರಕ್ತಸ್ರಾವದ ಗುರುತಾಗಬಹುದು. ಕೀಟನಾಶಕ ಮೈಗೆ ಸೇರಿದವರಲ್ಲಿ ಪಾಪೆ ಸೂಜಿಮೊನೆಯಷ್ಟಾಗುವುದನ್ನೇ ವೈದ್ಯರು ಹುಡುಕುತ್ತಾರೆ. ಹನಿ ಹಾಕಿಸಿಕೊಂಡ ದಿನವೇ ಬೈಕಿನಿಂದ ಬಿದ್ದು ಪ್ರಜ್ಞೆ ತಪ್ಪಿದವರ ಪಾಪೆ ನೋಡಿ ಏನೆಂದು ತಿಳಿಯಬೇಕು? ಜೇಬಿನಲ್ಲಿ ಚೀಟಿ ಇದ್ದರೆ ವೈದ್ಯರು ಆ ಒಂದು ಲಕ್ಷಣವನ್ನು ಬದಿಗಿಟ್ಟು ಸ್ಕ್ಯಾನ್ ಮತ್ತಿತರ ಲಕ್ಷಣಗಳ ಮೇಲೆ ತೀರ್ಮಾನಿಸಬಹುದು. ಹನಿ ಇಲ್ಲದೆಯೂ ಪಾಪೆ ಹಿಗ್ಗುವುದುಂಟು. ಉಮ್ಮತ್ತಿ ಗಿಡದಲ್ಲಿಯೂ, ಮನೆಯಂಗಳದಲ್ಲಿ ಅಲಂಕಾರಕ್ಕೆ ಬೆಳೆಸುವ, ಉದ್ದ ಗಂಟೆಯಂತೆ ಕೆಳಮುಖವಾಗಿ ತೂಗುವ ಹೂಗಿಡದಲ್ಲಿಯೂ ಅಟ್ರೋಪಿನ್ ಬಳಗದ ವಿಷವೇ ಇದೆ. ಅದನ್ನು ಕತ್ತರಿಸಿದ ಕೈಯಲ್ಲಿ ಕಣ್ಣು ಮುಟ್ಟಿದರೆ ಸಾಕು. ನೆಬುಲೈಸರ್ ಮಾಸ್ಕ್ ಮುಖಕ್ಕೆ ಸರಿಯಾಗಿ ಕೂರದೆ ಉಬ್ಬಸದ ಮದ್ದಾದ ಐಪ್ರಾಟ್ರೋಪಿಯಂನ ಆವಿ ಕಣ್ಣಿಗೆ ಸೋರಿದರೂ ಹಾಗೇ ಆಗುತ್ತದೆ. ಮಳೆಗಾಲದಲ್ಲಿ ಉಬ್ಬಸಕ್ಕೆ ಮನೆಯಲ್ಲೇ ನೆಬುಲೈಸರ್ ಇಟ್ಟುಕೊಂಡವರು ಮಾಸ್ಕಿನ ಬದಲು ಬಾಯಿಯ ಕೊಳವೆ ಬಳಸುವುದು ಒಳ್ಳೆಯದು, ಕೋನ ಕಿರಿದಾದವರಂತೂ ಬಳಸಲೇಬೇಕು.

ಚೀಟಿಗೆ ದೊಡ್ಡ ಯೋಜನೆ ಬೇಕಿಲ್ಲ. ಒಂದು ಎ4 ಹಾಳೆಯನ್ನು ನಾಲ್ಕು ಮಾಡಿದಷ್ಟು ಅಳತೆ. ಮೇಲೆ ರೋಗಿಯ ಹೆಸರು, ದಿನಾಂಕ. ಐದು ಮದ್ದುಗಳ ಹೆಸರು ಅಚ್ಚಾಗಿರಲಿ, ಹಾಕಿದ್ದಕ್ಕೆ ಗುರುತು ಹಾಕಿದರಾಯಿತು. ಯಾವ ಕಣ್ಣು, ಎಷ್ಟು ಗಂಟೆಗೆ, ಎಷ್ಟು ದಿನ ಇರುತ್ತದೆ. ಹಿಂದೆ ಅಪಾಯದ ಲಕ್ಷಣಗಳು ಮತ್ತು ರಾತ್ರಿ ಕರೆ ಮಾಡಬೇಕಾದ ಫೋನ್ ನಂಬರ್, ಅದು ರಾತ್ರಿ ಎತ್ತುವ ನಂಬರ್ ಆಗಿರಬೇಕು. ಶಿಬಿರಕ್ಕೆ ಬ್ಯಾನರ್ ಮಾಡಿಸುವ ಸಂಘಟಕರು ಆ ಖರ್ಚಿನ ಒಂದಂಶದಲ್ಲಿ ಇದನ್ನು ಮುದ್ರಿಸಬಹುದು. ಜಿಲ್ಲಾ ಆರೋಗ್ಯ ಇಲಾಖೆ ಶಿಬಿರಕ್ಕೆ ಅನುಮತಿ ಕೊಡುವಾಗಲೇ ಚೀಟಿಯ ಮಾದರಿಯನ್ನೂ ಕೇಳಲಿ. ತೋಟಗಳಲ್ಲಿ ಅಸ್ಸಾಂ, ಜಾರ್ಖಂಡ್ ಕಡೆಯವರೂ ತಮಿಳು, ಮಲಯಾಳಂ ಮಾತ್ರ ಓದುವವರೂ ಇರುವುದರಿಂದ, ಅಚ್ಚಿನಲ್ಲಿ ಮುಳ್ಳಿಲ್ಲದ ಗಡಿಯಾರದ ಎರಡು ಚಿತ್ರಗಳಿರಲಿ. ಒಂದರಲ್ಲಿ ಹನಿ ಹಾಕಿದ ಗಂಟೆಗೂ ಇನ್ನೊಂದರಲ್ಲಿ ಮದ್ದು ಇಳಿಯುವ ಗಂಟೆಗೂ ಪೆನ್ನಿನಲ್ಲಿ ಮುಳ್ಳು ಎಳೆದು ಕೊಟ್ಟರೆ ಯಾವ ಭಾಷೆಯವರಿಗೂ ಅರ್ಥವಾಗುತ್ತದೆ. ಒಂದು ದಿನ ಅಥವಾ ಅದಕ್ಕಿಂತ ಹೆಚ್ಚು ಇರುವ ಮದ್ದಾದರೆ ಎರಡನೆಯ ಗಡಿಯಾರಕ್ಕೆ ಕಾಟು ಹಾಕಿ, ಪಕ್ಕದಲ್ಲಿ ದಿನಾಂಕ ಬರೆಯಬೇಕು.

ಇತಿ,
ಓರ್ವ ನೇತ್ರಾಧಿಕಾರಿ, ಕೊಡಗು